ಸೇವಕನ ಮನೆಬಾಗಿಲು ಮತ್ತು ಯಜಮಾನನ ಅಧಿಕಾರ

ಗುಬ್ಬಿ ತಾಲೂಕಿನ ಹಾಗಲವಾಡಿ ಇಂದು ಒಂದು ಹೋಬಳಿಯ ಕೇಂದ್ರ; ಹಿಂದೆ ಪಾಳೆಯಗಾರರ ಮನೆತನವೊಂದರ ರಾಜಧಾನಿ. ಆ ಮನೆತನದ ಕೋಟೆ, ಕಾಳಗ, ಕಪ್ಪಕಾಣಿಕೆಗಳ ಚರಿತ್ರೆಯನ್ನು ಹೇಳುವವರು ಇದ್ದಾರೆ. ಆ ಸೀಮೆಯಲ್ಲಿ ದುಡಿದು ಬದುಕಿದವರ ದಿನಚರಿಯ ಚರಿತ್ರೆಯನ್ನು ಕೇಳುವವರು ವಿರಳ. ಪ್ರಸ್ತುತ ಲೇಖನದ ವಿಷಯಕ್ಕೆ ಬೇಕಾದುದು ಈ ಎರಡನೆಯದು. ಕೆಲಸದ ವೇಳೆ ಮುಗಿದ ಮೇಲೆ ಸೇವಕನು ಮಾಡಿದ ಕಾರ್ಯಕ್ಕಾಗಿ ಯಜಮಾನನು ಅವನನ್ನು ದಂಡಿಸಬಹುದೇ ಎಂಬ ಪ್ರಶ್ನೆ ಇಂದು ಕಛೇರಿಗಳಲ್ಲಿಯೂ, ಕಾರ್ಖಾನೆಗಳಲ್ಲಿಯೂ, ನಮ್ಮ ಬಸದಿಗಳ ಟ್ರಸ್ಟುಗಳಲ್ಲಿಯೂ ಏಳುತ್ತಿದೆ. ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದನ್ನು ಅರಿಯದೆ ಕೊಡುವ ಉತ್ತರಗಳು ಬಹುಮಟ್ಟಿಗೆ ಸಿಟ್ಟಿನ ಅಥವಾ ಸಂಕೋಚದ ಉತ್ತರಗಳಾಗಿಬಿಡುತ್ತವೆ.

ಹಳೆಯ ಮೈಸೂರು ಸೀಮೆಯ ಇತರ ಗ್ರಾಮಗಳಂತೆ ಹಾಗಲವಾಡಿ ಸೀಮೆಯ ಗ್ರಾಮಗಳನ್ನು ನಡೆಸುತ್ತಿದ್ದವರು ಆಯಗಾರರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮುಂತಾದವರಿಗೆ ತಿಂಗಳ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿ ಅಳೆದು ಕೊಡುವ ಧಾನ್ಯದ ಪಾಲೇ ಅವರ ಆಯ. ಕೆಲವರಿಗೆ ಇನಾಮು ಭೂಮಿಯೂ ಉಂಟು. ಇವರ ಯಜಮಾನ ಯಾರೆಂದರೆ ಒಬ್ಬ ವ್ಯಕ್ತಿಯಲ್ಲ, ಇಡೀ ಊರು. ನೀರುಗಂಟಿಯು ನಡುರಾತ್ರಿಯಲ್ಲಿ ತೂಬು ಎತ್ತಬೇಕಾದರೆ ಎತ್ತಬೇಕು. ತೋಟಿಯು ಕರೆದಾಗ ಓಡಬೇಕು. ಎಷ್ಟು ಹೊತ್ತಿಗೆ ನಿನ್ನ ಕೆಲಸ ಮುಗಿಯುವುದೆಂದು ತಳವಾರನನ್ನು ಕೇಳಿದ್ದರೆ ಆ ಪ್ರಶ್ನೆಯೇ ಅವನಿಗೆ ಅರ್ಥವಾಗುತ್ತಿರಲಿಲ್ಲ. ಕೆಲಸಕ್ಕೂ ಮನೆಗೂ ನಡುವೆ ಗೋಡೆಯಿಲ್ಲದ ಬದುಕು ಅದು. ಆದ್ದರಿಂದ ಸೇವಕನ ಯಾವ ನಡತೆಯೂ ಊರಿನ ವಿಚಾರಣೆಯಿಂದ ಹೊರಗಿರಲಿಲ್ಲ. ಯಾರ ಮನೆಯಲ್ಲಿ ಉಂಡ, ಯಾರೊಡನೆ ಸಂಬಂಧ ಬೆಳೆಸಿದ, ಯಾವ ಹಬ್ಬದಲ್ಲಿ ಕುಡಿದ ಎಂಬುದೆಲ್ಲವೂ ಕಟ್ಟೆಯ ಪಂಚಾಯಿತಿಗೆ ಬರುವ ವಿಷಯವೇ. ಬಹಿಷ್ಕಾರವಾದರೆ ಬೆಂಕಿ ನೀರು ನಿಲ್ಲುತ್ತಿತ್ತು. ಅಗಸ ಕ್ಷೌರಿಕರು ಆ ಮನೆಗೆ ಕಾಲಿಡುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವ ಲೇಖನಗಳು ಆಗಾಗ ಪ್ರಕಟವಾಗುತ್ತವೆ. ಅದರಲ್ಲಿ ಒಂದು ಗುಣವಿದ್ದುದು ನಿಜ. ವೃತ್ತಿಯು ವಂಶಪಾರಂಪರ್ಯವಾದ ಹಕ್ಕಾಗಿದ್ದುದರಿಂದ, ತಪ್ಪು ಮಾಡಿದವನು ದಂಡ ತೆತ್ತರೂ ಆಯವು ಸಾಮಾನ್ಯವಾಗಿ ಮನೆಯಲ್ಲಿಯೇ, ತಮ್ಮನಿಗೋ ಮಗನಿಗೋ ಉಳಿಯುತ್ತಿತ್ತು. ಆದರೆ ತೋಟಿಯ ಮಗ ತೋಟಿಯೇ ಆಗಬೇಕೆಂಬ ಜಾತಿಯ ಕಟ್ಟಳೆ ಅದೇ ಹಕ್ಕಿನ ಇನ್ನೊಂದು ಮುಖ. ಜೀತದಾಳಿನ ಪಾಡಂತೂ ಹೇಳತೀರದು. ಅವನ ಹಗಲೂ ಇರುಳೂ ಒಡೆಯನದೇ. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ ಕಾಯಿದೆ 1961ರದು. ಜೀತವನ್ನು ಕಾನೂನಿನಿಂದ ನಿರ್ಮೂಲಗೊಳಿಸಿದ ಕಾಯಿದೆ 1976ರದು. ಅಂದರೆ ಸೇವಕನ ಇಡೀ ಬದುಕು ಯಜಮಾನನಿಗೆ ಸೇರಿದುದೆಂಬ ಭಾವನೆ ನಮ್ಮ ತಂದೆತಾಯಿಗಳ ಕಾಲದವರೆಗೂ ಜೀವಂತವಾಗಿತ್ತು. ಈಗಲೂ ನಮ್ಮ ಮಾತಿನಲ್ಲಿ ಅದು ಇಣುಕುತ್ತದೆ: "ನಮ್ಮ ಅನ್ನ ತಿಂದವನು" ಎನ್ನುತ್ತೇವೆ, ಅವನು ದುಡಿದು ಸಂಪಾದಿಸಿದ ಅನ್ನವಾಗಿದ್ದರೂ.

ಗಡಿಯಾರವು ಈ ಸಂಬಂಧವನ್ನು ಬದಲಾಯಿಸಿತು. ಭಾರತದ ಕಾರ್ಖಾನೆ ಕಾಯಿದೆಗಳಲ್ಲಿ 1911ರದು ಬಟ್ಟೆ ಗಿರಣಿಗಳ ವಯಸ್ಕ ಪುರುಷರ ದುಡಿಮೆಗೆ ದಿನಕ್ಕೆ 12 ಗಂಟೆಗಳ ಮಿತಿ ಹಾಕಿತು. 1948ರದು ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಈ ಮಿತಿಗಳನ್ನು ಆರೋಗ್ಯರಕ್ಷಣೆಯ ಕ್ರಮಗಳೆಂದೇ ನಾವು ಓದುತ್ತೇವೆ. ಅವುಗಳಲ್ಲಿ ಇನ್ನೊಂದು ಅರ್ಥ ಅಡಗಿದೆ. ಇಷ್ಟು ಗಂಟೆಗಳನ್ನು ಯಜಮಾನನು ಹಣಕೊಟ್ಟು ಪಡೆದಿದ್ದಾನೆ ಎಂದು ಹೇಳಿದೊಡನೆ ಉಳಿದ ಗಂಟೆಗಳನ್ನು ಅವನು ಪಡೆದಿಲ್ಲವೆಂದು ಹೇಳಿದಂತಾಯಿತು.

ಯಜಮಾನರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅಮೆರಿಕದ ಹೆನ್ರಿ ಫೋರ್ಡ್ 1914ರಲ್ಲಿ ತನ್ನ ಮೋಟಾರು ಕಾರ್ಖಾನೆಯ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಘೋಷಿಸಿದಾಗ ಲೋಕವೆಲ್ಲ ಬೆರಗಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಾಭದ ಪಾಲು. ಅದನ್ನು ಪಡೆಯಬೇಕಾದರೆ ಕಾರ್ಮಿಕನ ಗೃಹಜೀವನ ಕಂಪೆನಿಗೆ ಒಪ್ಪಿಗೆಯಾಗಬೇಕು. ಅದಕ್ಕೆಂದೇ ಒಂದು ಇಲಾಖೆಯನ್ನು ತೆರೆದು, ಮನೆ ಚೊಕ್ಕಟವಾಗಿದೆಯೇ, ಕುಡಿತವಿದೆಯೇ, ಹಣ ಉಳಿಸುತ್ತಾನೆಯೇ ಎಂದು ನೋಡಲು ತನಿಖೆಗಾರರನ್ನು ಮನೆಮನೆಗೆ ಕಳುಹಿಸಲಾಯಿತು. ಉದ್ದೇಶ ಸದುದ್ದೇಶವೇ ಇದ್ದಿರಬಹುದು. ಆದರೆ ಸದುದ್ದೇಶದಿಂದ ಬಂದವನೂ ಕರೆಯದೆ ಬಂದವನೇ.

ನಮ್ಮ ನಾಡಿನಲ್ಲಿ ಇದಕ್ಕೆ ಸಮಾನವಾದ, ಇದಕ್ಕಿಂತ ಕಠಿಣವಾದ ಉದಾಹರಣೆ ಕೋಲಾರ ಚಿನ್ನದ ಗಣಿಗಳದು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಈ ಗಣಿಗಳಲ್ಲಿ ಕಾರ್ಮಿಕರು ವಾಸಿಸುತ್ತಿದ್ದುದು ಕಂಪೆನಿಯ ಲೈನುಗಳಲ್ಲಿ. ಕೆಲಸ ಹೋದರೆ ಮನೆಯೂ ಹೋಯಿತು. ಚಿನ್ನ ಕಳುವಾಗುವುದೆಂಬ ಭಯ ಕಂಪೆನಿಗೆ ನಿತ್ಯವೂ ಇದ್ದುದರಿಂದ ಗಣಿಯಿಂದ ಮೇಲೆ ಬಂದವರನ್ನು ಶೋಧಿಸುವುದಲ್ಲದೆ, ಕಾರ್ಮಿಕರ ವಸತಿಗಳ ಮೇಲೂ ಕಾವಲಿನ ಕಣ್ಣಿತ್ತು. ಚಿನ್ನವು ಸಣ್ಣ ವಸ್ತು, ಬಚ್ಚಿಡಲು ಸುಲಭ. ಕಂಪೆನಿಯ ಭಯ ನಿರಾಧಾರವಾದುದಲ್ಲ ಎಂಬುದನ್ನೂ ಹೇಳಬೇಕು. ಆದರೆ 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ ಅವರು ಸಹಿಸಲಿಲ್ಲ. ಬೆರಳಚ್ಚು ಎಂದರೆ ಅಂದಿನ ಜನರಿಗೆ ಪೊಲೀಸು ಠಾಣೆಯ ವ್ಯವಹಾರ, ಅಪರಾಧಿಗಳ ಗುರುತು. ಒಂದು ಗಣಿಯಿಂದ ಹೊರಹಾಕಲ್ಪಟ್ಟವನು ಮತ್ತೊಂದು ಗಣಿಯಲ್ಲಿ ಬೇರೆ ಹೆಸರಿನಿಂದ ಬದುಕು ಕಟ್ಟಿಕೊಳ್ಳುವ ದಾರಿಯೂ ಅದರಿಂದ ಮುಚ್ಚುತ್ತಿತ್ತು. ಸಾವಿರಾರು ಕಾರ್ಮಿಕರು ಸುಮಾರು 3 ವಾರಗಳ ಕಾಲ ಕೆಲಸ ನಿಲ್ಲಿಸಿದರು. ಆ ಮುಷ್ಕರ ಕೂಲಿಯ ಹೆಚ್ಚಳಕ್ಕಾಗಿ ಹೂಡಿದ್ದಲ್ಲ, ಮಾನಕ್ಕಾಗಿ ಹೂಡಿದ್ದು. ಕರ್ನಾಟಕದ ಕಾರ್ಮಿಕ ಚರಿತ್ರೆಯಲ್ಲಿ ಇದು ಗಮನಿಸತಕ್ಕ ಘಟನೆ.

ಕಾರ್ಮಿಕರ ವಿಷಯ ಹೀಗಾದರೆ, ಓದು ಬರಹದವರಿಗೂ ಈ ಕಾಟ ತಪ್ಪಿರಲಿಲ್ಲ. ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಬೇಂದ್ರೆಯವರು ಪಾಠದ ಕೊಠಡಿಯ ಹೊರಗೆ ಬರೆದ ಕವಿತೆ "ನರಬಲಿ". ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಗೆ ಕಳುಹಿಸಿತು. ಹಿಂಡಲಗಿಯ ಸೆರೆಮನೆ, ಆಮೇಲೆ ಮುಗದ ಗ್ರಾಮದಲ್ಲಿ ನಿರ್ಬಂಧ. ರಾಜ್ಯವು ವಿಧಿಸಿದ ಈ ಶಿಕ್ಷೆಗೆ ಒಂದು ಅವಧಿಯಿತ್ತು. ಆದರೆ ಬಿಡುಗಡೆಯಾದ ಮೇಲೆಯೂ ವರ್ಷಗಟ್ಟಲೆ ಅವರಿಗೆ ಸ್ಥಿರವಾದ ಉದ್ಯೋಗ ದೊರೆಯಲಿಲ್ಲ. ಈ ಎರಡನೆಯ ಶಿಕ್ಷೆಗೆ ಅವಧಿಯನ್ನು ಬರೆದಿಟ್ಟವರು ಯಾರೂ ಇಲ್ಲ. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಕರೆಯಿತು. ಕವಿತೆಯಿಂದ ಪಾಠಕ್ಕೆ ಯಾವ ಕುಂದು ಬಂದಿತ್ತು? ಈ ಪ್ರಶ್ನೆಯನ್ನು ಅಂದು ಕೇಳಿದವರಿದ್ದರೆ ಆ ಹತ್ತು ಹನ್ನೆರಡು ವರ್ಷಗಳ ಬವಣೆ ತಪ್ಪುತ್ತಿತ್ತು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯನ್ನು ಕೇಳಿದ್ದು ನ್ಯಾಯಾಲಯಗಳು. ಟಾಟಾ ಆಯಿಲ್ ಮಿಲ್ಸ್‌ನ ಎರ್ನಾಕುಲಂ ಕಾರ್ಖಾನೆಯ ಕಾರ್ಮಿಕನೊಬ್ಬನು ಜೊತೆಯ ಕಾರ್ಮಿಕನನ್ನು ಕಾರ್ಖಾನೆಯ ಹೊರಗೆ ಹೊಡೆದುದಕ್ಕಾಗಿ ವಜಾಗೊಂಡನು. 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಜಾವನ್ನು ಎತ್ತಿಹಿಡಿಯಿತು. ಎತ್ತಿಹಿಡಿದ ಕಾರಣ ಮುಖ್ಯ. ಇಬ್ಬರು ನೌಕರರು ಹೊರಗೆ ತಮ್ಮ ಸ್ವಂತ ವಿಷಯಕ್ಕಾಗಿ ಜಗಳವಾಡಿದರೆ ಅದು ಯಜಮಾನನ ವಿಚಾರಣೆಗೆ ಬರುವ ದುರ್ನಡತೆಯಲ್ಲ ಎಂದು ನ್ಯಾಯಾಲಯ ಮೊದಲು ಒಪ್ಪಿತು. ಈ ಹೊಡೆತವಾದರೋ ಕಾರ್ಖಾನೆಯ ಪ್ರೋತ್ಸಾಹ ಬೋನಸ್ ಯೋಜನೆಯನ್ನು ಬೆಂಬಲಿಸಿದವರನ್ನು ಹೆದರಿಸಲು ಕೊಟ್ಟದ್ದು. ಆದ್ದರಿಂದ ಉದ್ಯೋಗಕ್ಕೂ ಅದಕ್ಕೂ ಸಂಬಂಧವಿದೆ ಎಂದಿತು. ಸ್ಥಳ ಯಾವುದೆಂಬುದಕ್ಕಿಂತ ಸಂಬಂಧವೇ ಇಲ್ಲಿ ಮುಖ್ಯವಾಯಿತು. ಇಪ್ಪತ್ತು ವರ್ಷಗಳ ಅನಂತರ ಗ್ಲಾಕ್ಸೋ ಕಂಪೆನಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಬಿಗಿಯಾದ ಮಾತನ್ನು ಹೇಳಿತು. ಕಾರ್ಖಾನೆಯ ಆವರಣ ಮತ್ತು ಅದರ ಆಸುಪಾಸಿನಲ್ಲಿ ಎಂದು ಸ್ಥಾಯಿ ಆದೇಶಗಳು ಹೇಳಿರುವಾಗ, ಯಜಮಾನನು ಆ ಮಾತನ್ನು ಊರಗಲಕ್ಕೆ ಎಳೆಯಲಾಗದು. ಹೊರಗಿನ ಅಪರಾಧವನ್ನು ನೋಡಿಕೊಳ್ಳಲು ಪೊಲೀಸು ಇದೆ, ಕೋರ್ಟಿದೆ.

ಇದಕ್ಕೆ ಎದುರಾದ ತೀರ್ಪೂ ಉಂಟು, ಅದೂ ಕರ್ನಾಟಕದ್ದೇ. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಸಹಾಯಕ ವ್ಯವಸ್ಥಾಪಕರೊಬ್ಬರು ನಿಗಮದ ಆಡಳಿತವನ್ನು ದೂರಿ ರಾಜ್ಯಪಾಲರಿಗೆ ಪತ್ರ ಬರೆದರು. ಪತ್ರಿಕೆಗಳಿಗೆ ಹೇಳಿಕೆಯನ್ನೂ ಕೊಟ್ಟರು. ನಿಗಮ ಅವರನ್ನು ವಜಾಮಾಡಿತು. ದೇವೇಂದ್ರಪ್ಪ ಪ್ರಕರಣವೆಂದು ಕಾನೂನು ವರದಿಗಳಲ್ಲಿ ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ 1998ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಗಮದ ಪರವಾಗಿ ನಿಂತಿತು. ಸಂಸ್ಥೆಯ ಹಿತಕ್ಕೂ ಪ್ರತಿಷ್ಠೆಗೂ ಧಕ್ಕೆ ತರುವುದನ್ನು ನಿಷೇಧಿಸುವ ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ, ಸೇವೆಗೆ ಸೇರುವಾಗಲೇ ಒಂದು ಬಗೆಯ ಸ್ವಯಂಶಿಸ್ತನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದು ಅದರ ಸಾರ. ಹಿತ ಎಂಬ ಮಾತು ಅಳತೆಗೆ ಸಿಕ್ಕುತ್ತದೆ. ನಷ್ಟವಾಯಿತೇ, ಕೆಲಸ ಕೆಟ್ಟಿತೇ ಎಂದು ನೋಡಬಹುದು. ಪ್ರತಿಷ್ಠೆ ಹಾಗಲ್ಲ. ಅದು ಬಹುಪಾಲು ಮೇಲೆ ಕುಳಿತವರ ಮನಸ್ಸಿನಲ್ಲಿರುವ ವಸ್ತು. ಅದಕ್ಕೆ ಧಕ್ಕೆಯಾಯಿತೆಂದು ತೀರ್ಮಾನಿಸುವವರೂ ಅವರೇ. ತೀರ್ಪಿಗೆ ತಲೆಬಾಗಿಯೂ, ಈ ಶಬ್ದವನ್ನು ನಮ್ಮ ನಿಯಮಾವಳಿಗಳಿಗೆ ತಂದುಕೊಳ್ಳುವ ಮೊದಲು ಹತ್ತು ಬಾರಿ ಯೋಚಿಸುವುದು ಲೇಸೆಂದು ನನಗೆ ತೋರುತ್ತದೆ. 2023ರ ಮೇ ತಿಂಗಳಲ್ಲಿ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು, ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟಾಯಿತೆಂದು ಫೇಸ್‌ಬುಕ್ಕಿನಲ್ಲಿ ಬರೆದು ಅಮಾನತ್ತಿಗೆ ಗುರಿಯಾದರು. ಬರವಣಿಗೆಯ ಸಾಧನ ಬದಲಾಗಿದೆ; ಬೇಂದ್ರೆಯವರ ಕಾಲದ ಪ್ರಶ್ನೆ ಬದಲಾಗಿಲ್ಲ.

ಸರ್ಕಾರಿ ನೌಕರರ ನಡತೆಯ ನಿಯಮಗಳಾದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕೇಂದ್ರದ 1964ರ ನಿಯಮಗಳಲ್ಲಿ ಮದ್ಯದ ವಿಷಯವನ್ನು ನೋಡಬಹುದು. ಕರ್ತವ್ಯದ ವೇಳೆಯಲ್ಲಿ ಅಮಲಿನಲ್ಲಿರಬಾರದು, ಸಾರ್ವಜನಿಕ ಸ್ಥಳದಲ್ಲಿ ಕುಡಿಯಬಾರದು, ಅಮಲಿನಲ್ಲಿ ಜನರ ನಡುವೆ ಕಾಣಿಸಿಕೊಳ್ಳಬಾರದು, ಮಿತಿಮೀರಬಾರದು ಎಂದಿದೆ. ತನ್ನ ಮನೆಯೊಳಗೆ ಮಿತಿಯಲ್ಲಿ ಕುಡಿದವನನ್ನು ಆ ನಿಯಮ ಹುಡುಕಿಕೊಂಡು ಹೋಗುವುದಿಲ್ಲ. ಮದ್ಯವನ್ನು ಸರ್ವಥಾ ತ್ಯಜಿಸಬೇಕೆನ್ನುವ ಪರಂಪರೆಯವರಾದ ನಮಗೆ ಇದು ಸಡಿಲವೆಂದು ತೋರಬಹುದು. ಆದರೆ ವ್ರತವನ್ನು ಸ್ವೀಕರಿಸುವವನು ತಾನಾಗಿ ಸ್ವೀಕರಿಸಬೇಕು. ಸಂಬಳದ ಭಯದಿಂದ ಪಾಲಿಸಿದ ವ್ರತವನ್ನು ವ್ರತವೆಂದು ಕರೆಯುವುದು ಕಷ್ಟ.

ಈಗ ಮತ್ತೆ ಕೋಲಾರಕ್ಕೆ ಬರಬೇಕಾಗಿದೆ. 1930ರ ಮುಷ್ಕರ ನಡೆದ ಅದೇ ಗಣಿಗಳು ಕಾಲಾನಂತರ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆಯ ವಶಕ್ಕೆ ಬಂದವು. 1985ರ ಜೂನ್ 2ರಂದು ಪೊಲೀಸರು ಅಲ್ಲಿಯ ಭದ್ರತಾಧಿಕಾರಿಯೊಬ್ಬರ ಮನೆಯನ್ನು ಶೋಧಿಸಿದರು. ದೊರೆತುದು 4.5 ಗ್ರಾಂ ತೂಕದ ಚಿನ್ನದ ಉಂಡೆ ಮತ್ತು 1,276 ಗ್ರಾಂ ಚಿನ್ನಮಿಶ್ರಿತ ಮರಳು ಎಂಬುದು ಆರೋಪ. ಮಾರನೆಯ ದಿನವೇ ಅಮಾನತು. ಒಂದು ಕಡೆ ಕ್ರಿಮಿನಲ್ ಮೊಕದ್ದಮೆ, ಇನ್ನೊಂದು ಕಡೆ ಇಲಾಖಾ ವಿಚಾರಣೆ. ಎರಡಕ್ಕೂ ಆಧಾರ ಅದೇ ಶೋಧನೆ, ಸಾಕ್ಷಿಗಳೂ ಅವರೇ. ಮೊಕದ್ದಮೆ ಮುಗಿಯುವವರೆಗೆ ವಿಚಾರಣೆಯನ್ನು ತಡೆಯಿರೆಂದು ಅವರು ಕೇಳಿದರು, ಸಂಸ್ಥೆ ಒಪ್ಪಲಿಲ್ಲ. ಕೇರಳದಲ್ಲಿ ಚಿಕಿತ್ಸೆಯಲ್ಲಿದ್ದ ಅವರಿಗೆ ಅಮಾನತ್ತಿನ ಅವಧಿಯಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಕೋಲಾರದವರೆಗೆ ಬಂದು ತನ್ನ ಪರವಾಗಿ ವಾದಿಸಲು ಕೈಯಲ್ಲಿ ಹಣವಿಲ್ಲ. ಅವರ ಗೈರುಹಾಜರಿಯಲ್ಲಿಯೇ ವಿಚಾರಣೆ ಮುಗಿದು 1986ರ ಜೂನ್‌ನಲ್ಲಿ ವಜಾ ಆಯಿತು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ, ಶೋಧನೆಯೇ ರುಜುವಾತಾಗಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಸಂಸ್ಥೆ ಆಗಲೂ ಕೆಲಸ ಕೊಡಲಿಲ್ಲ. ಉಚ್ಚ ನ್ಯಾಯಾಲಯದಲ್ಲಿ ಒಮ್ಮೆ ಗೆದ್ದು ಒಮ್ಮೆ ಸೋತು, ಕೊನೆಗೆ 1999ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಅವರಿಗೆ ನ್ಯಾಯ ದೊರೆಯಿತು. ಜೀವನಾಧಾರ ಭತ್ಯೆಯಿಲ್ಲದೆ ಒಬ್ಬನನ್ನು ವಿಚಾರಣೆಗೆ ಕರೆಯುವುದು ಅವನನ್ನು ಉಪವಾಸ ಕೆಡವಿ ಕರೆದಂತೆ. ಅಂಥ ವಿಚಾರಣೆ ನಿಲ್ಲದು ಎಂಬುದು ತೀರ್ಪಿನ ತಿರುಳು. ಮನೆಯ ಶೋಧನೆಯಿಂದ ಈ ತೀರ್ಪಿನವರೆಗೆ ಕಳೆದುಹೋದದ್ದು ಹದಿಮೂರು ವರ್ಷ ಒಂಬತ್ತು ತಿಂಗಳು. ತೀರ್ಪು ಬಂದು ಎರಡು ವರ್ಷ ತುಂಬುವ ಮೊದಲೇ, 2001ರ ಫೆಬ್ರವರಿ 28ರಂದು, ಗಣಿಗಳೇ ಮುಚ್ಚಿಹೋದವು.

ಈ ಪ್ರಕರಣದಲ್ಲಿ ಆರೋಪಕ್ಕೂ ಉದ್ಯೋಗಕ್ಕೂ ಸಂಬಂಧವಿತ್ತು. ಚಿನ್ನವನ್ನು ಕಾಯಬೇಕಾದವನ ಮನೆಯಲ್ಲಿ ಚಿನ್ನ ಸಿಕ್ಕಿತೆಂದರೆ ಯಜಮಾನನು ಕೇಳದೆ ಇರಲಾರ. ಆದ್ದರಿಂದಲೇ ಇದು ಬೋಧಪ್ರದವಾದುದು. ಕೇಳುವ ಹಕ್ಕಿದ್ದರೂ, ಉತ್ತರ ಬರುವ ಮೊದಲು ಅನ್ನವನ್ನು ಕಸಿಯುವ ಹಕ್ಕಿಲ್ಲ.

ನಮ್ಮ ಶಾಸ್ತ್ರವನ್ನು ಬಲ್ಲ ವಾಚಕರಿಗೆ ಇಲ್ಲಿ ಒಂದು ಶಬ್ದ ನೆನಪಿಗೆ ಬಂದಿರಬೇಕು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವು ಶತ್ರುವಿಗೆ ಮಾಡುವ ಹಿಂಸೆಗಳಲ್ಲ. ತನ್ನ ಅಧೀನದಲ್ಲಿರುವ ಜೀವಕ್ಕೆ ಒಡೆಯನು ಮಾಡುವ ಹಿಂಸೆಗಳು. ದನಕರುಗಳ ವಿಷಯದಲ್ಲಿ ನಾವು ಇದನ್ನು ಮಕ್ಕಳಿಗೆ ಕಲಿಸುತ್ತೇವೆ; ಅಡುಗೆಯವನ ಸಂಬಳದ ವಿಷಯದಲ್ಲಿ ನೆನೆಯುವುದು ಅಪರೂಪ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ರಹೋಭ್ಯಾಖ್ಯಾನ, ಏಕಾಂತದಲ್ಲಿ ನಡೆದುದನ್ನು ಹೊರಗೆ ಹರಡುವುದು. ಆ ಮಾತು ಸುಳ್ಳಾಗಿರಬೇಕೆಂದಿಲ್ಲ. ಅದು ನಿಜವಾಗಿದ್ದರೂ ದೋಷವೇ ಎಂಬುದರಲ್ಲಿ ಈ ಸೂತ್ರದ ಸೂಕ್ಷ್ಮವಿದೆ. ಟ್ರಸ್ಟಿನ ಸಭೆಯಲ್ಲಿ ಸೇವಕನ ಮನೆಯ ಸಂಗತಿಯನ್ನು ಓದಿ ನಡವಳಿಕೆ ಪುಸ್ತಕದಲ್ಲಿ ದಾಖಲಿಸುವಾಗ ಇದನ್ನು ನೆನೆಯಬೇಕು.

ಉಪಗೂಹನಾಂಗಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕವು ಹೆಸರಿಸುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಎಲ್ಲರಿಗೂ ಗೊತ್ತು. ತಾಮ್ರಲಿಪ್ತಿಯ ಆ ಶ್ರೇಷ್ಠಿಯ ಚೈತ್ಯಾಲಯದಲ್ಲಿದ್ದ ವೈಡೂರ್ಯವನ್ನು ವ್ರತಿಯ ವೇಷದಲ್ಲಿ ಬಂದ ಕಳ್ಳನು ಅಪಹರಿಸಿ ಓಡುವಾಗ ಕಾವಲಿನವರು ಹಿಡಿದರು. ಶ್ರೇಷ್ಠಿಯು ನಾನೇ ತರಿಸಿದೆನೆಂದು ಹೇಳಿ ಅವನನ್ನು ಬಿಡಿಸಿದನು. ಉಪನ್ಯಾಸಗಳಲ್ಲಿ ಕಥೆ ಇಲ್ಲಿಗೆ ನಿಲ್ಲುವುದುಂಟು. ಆದರೆ ಟೀಕೆಯಲ್ಲಿ ಬರುವ ಕಥೆಯಲ್ಲಿ ಶ್ರೇಷ್ಠಿಯು ರಾತ್ರಿಯಲ್ಲಿ, ಯಾರಿಗೂ ತಿಳಿಯದಂತೆ, ಅವನನ್ನು ಹೊರಗೆ ಕಳುಹಿಸುತ್ತಾನೆ. ಚೈತ್ಯಾಲಯದ ಕಾವಲನ್ನು ಒಪ್ಪಿಕೊಂಡು ಅಲ್ಲಿಯೇ ಕದ್ದವನಿಗೆ ಆ ಸ್ಥಾನ ಉಳಿಯಲಿಲ್ಲ. ಉಳಿದುದು ಅವನು ಧರಿಸಿದ್ದ ವೇಷದ ಮರ್ಯಾದೆ. ಸೇವೆಗೆ ನೇರವಾಗಿ ತಗಲಿದ ದೋಷವನ್ನು ಶ್ರೇಷ್ಠಿಯು ನುಂಗಿಕೊಳ್ಳಲಿಲ್ಲ, ಡಂಗುರವನ್ನೂ ಸಾರಲಿಲ್ಲ.

ಬಸದಿಗಳ ಟ್ರಸ್ಟುಗಳು, ವಿದ್ಯಾರ್ಥಿನಿಲಯಗಳು, ಯಾತ್ರಿನಿವಾಸಗಳು ಬಹುಪಾಲು ಐದು ಹತ್ತು ಜನ ಸೇವಕರನ್ನು ಇಟ್ಟುಕೊಂಡ ಸಂಸ್ಥೆಗಳು. ಕೈಗಾರಿಕೆಗಳ ಸ್ಥಾಯಿ ಆದೇಶಗಳು ದೊಡ್ಡ ಸಂಸ್ಥೆಗಳಿಗೆ ಅನ್ವಯಿಸುವುದರಿಂದ ಇವುಗಳಲ್ಲಿ ದುರ್ನಡತೆ ಯಾವುದು, ವಿಚಾರಣೆ ಹೇಗೆ ಎಂಬುದು ಲಿಖಿತವಾಗಿರುವುದು ಕಡಿಮೆ. ಅಧ್ಯಕ್ಷರ ಮನಸ್ಸೇ ನಿಯಮ. ಹೀಗಿರುವಲ್ಲಿ ಕೆಲಸಕ್ಕೂ ನಡತೆಗೂ ಇರುವ ಸಂಬಂಧವನ್ನು ಹುದ್ದೆಹುದ್ದೆಗೂ ಬೇರೆಬೇರೆಯಾಗಿ ಯೋಚಿಸಬೇಕಾಗುತ್ತದೆ. ಅಭಿಷೇಕ ಪೂಜೆಗಳನ್ನು ನಡೆಸುವ ಪುರೋಹಿತರ ಆಹಾರನಿಯಮ ಮನೆಯಲ್ಲಿಯೂ ಅವರ ಸೇವೆಯ ಭಾಗವೇ. ಅವರು ಅದನ್ನು ಅರಿತೇ ಬಂದಿರುತ್ತಾರೆ. ಅದೇ ನಿಯಮವನ್ನು ತೋಟದ ಆಳಿಗೆ ಅವನ ಮನೆಯಲ್ಲಿ ವಿಧಿಸಲು ಆಧಾರವಿಲ್ಲ. ಮಕ್ಕಳ ನಿಲಯದ ಪಾಲಕನು ತನ್ನ ಬೀದಿಯ ಮಕ್ಕಳನ್ನು ಹಿಂಸಿಸಿದನೆಂಬ ದೂರು ಬಂದರೆ, ಅದು ನಡೆದುದು ರಜೆಯ ದಿನವೆಂದು ಟ್ರಸ್ಟು ಕೈಕಟ್ಟಿ ಕೂರುವಂತಿಲ್ಲ. ಅಂದೇ ಅವನನ್ನು ಮಕ್ಕಳಿಂದ ದೂರವಿರಿಸಬೇಕು. ಅಡುಗೆಯವನ ಮಗಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಅಡುಗೆಯವನನ್ನು ಬಿಡಿಸಿದರೆ ಅದು ಹಳೆಯ ಕಟ್ಟೆಯ ಬಹಿಷ್ಕಾರವೇ, ಲೆಟರ್‌ಹೆಡ್ಡಿನ ಮೇಲೆ ಬರೆದದ್ದು ಎಂಬುದಷ್ಟೇ ಭೇದ.

ಕಷ್ಟವಾದುದು ನಡುವಿನ ಪ್ರಸಂಗಗಳು. ಹುಂಡಿಯ ಬೀಗದ ಕೈ ಇಟ್ಟುಕೊಂಡ ಗುಮಾಸ್ತನು ಸಂಜೆಯ ವೇಳೆ ಇಸ್ಪೀಟಾಡಿ ಸಾಲಗಾರನಾಗಿದ್ದಾನೆಂದು ಊಹಿಸೋಣ. ಹುಂಡಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಆಗದ ಕಳವಿಗಾಗಿ ಅವನನ್ನು ವಜಾಮಾಡುವುದು ಅನ್ಯಾಯ. ಬೀಗದ ಕೈಯನ್ನು ಅವನ ಬಳಿಯೇ ಬಿಡುವುದು ಅವನಿಗೂ ದೇವರ ಹಣಕ್ಕೂ ಕ್ಷೇಮವಲ್ಲ. ಕೈಯನ್ನು ಇನ್ನೊಬ್ಬರಿಗೆ ವಹಿಸಿ, ಸಂಬಳವನ್ನು ಕಡಿಮೆ ಮಾಡದೆ, ಅವನಿಗೆ ಬೇರೆ ಲೆಕ್ಕದ ಕೆಲಸವನ್ನು ಕೊಡಬಹುದು; ಕಾರಣವನ್ನು ಅವನೊಬ್ಬನಿಗೇ ಹೇಳಬಹುದು. ವಿಚಾರಣೆಯೇ ಬೇಕಾಗಿ ಅಮಾನತು ಮಾಡುವ ಸಂದರ್ಭ ಬಂದರೆ, ದೊಡ್ಡ ಸಂಸ್ಥೆಗಳಿಗೆ ಕಾನೂನು 1982ರಿಂದ ವಿಧಿಸಿರುವ ಪ್ರಮಾಣ ನಮ್ಮ ಮುಂದಿದೆ: ಮೊದಲ 90 ದಿನ ಅರ್ಧ ಸಂಬಳ, ಅನಂತರ ವಿಳಂಬ ಅವನಿಂದ ಆಗಿಲ್ಲದಿದ್ದರೆ ಮುಕ್ಕಾಲು. ಕರ್ನಾಟಕವು ಈ ಭತ್ಯೆಗೆಂದೇ 1988ರ ಪ್ರತ್ಯೇಕ ಕಾಯಿದೆಯನ್ನೂ ಮಾಡಿಕೊಂಡಿತು. ಸಣ್ಣ ಟ್ರಸ್ಟೊಂದಕ್ಕೆ ಇದು ಭಾರವೆಂದು ಖಜಾಂಚಿಗಳು ಹೇಳಬಹುದು. ಐದು ಜನ ಸೇವಕರಿರುವಲ್ಲಿ ಒಬ್ಬನ ಅರ್ಧ ಸಂಬಳ ಮೂರು ತಿಂಗಳಿಗೆ ಎಷ್ಟಾಗುವುದೆಂದು ಲೆಕ್ಕಹಾಕಿ, ಮುಂದಿನ ವಾರ್ಷಿಕ ಅಂದಾಜುಪಟ್ಟಿಯಲ್ಲಿ ಆ ಮೊತ್ತಕ್ಕೆ ಒಂದು ಸಾಲನ್ನು ತೆರೆದಿಡುವುದು ಸಾಧ್ಯ.